ಬೌಲಿಂಗ್ ಚೆಂಡು: ಹೊರಕವಚ ಮತ್ತು ತಿರುಳು

ಹತ್ತು ಪಿನ್‌ಗಳ ಬೌಲಿಂಗ್‌ನಲ್ಲಿ ಉರುಳಿಸುವ ಚೆಂಡು ಹೊರನೋಟಕ್ಕೆ ನುಣುಪಾದ ಗೋಳ. ಒಳಗೆ ಅದು ಬೇರೆ ಬೇರೆ ಸಾಂದ್ರತೆಯ ಪದರಗಳಿಂದ ಕಟ್ಟಿದ ರಚನೆ. ಲೇನನ್ನು ಮುಟ್ಟುವ ಹೊರ ಪದರಕ್ಕೆ ಹೊರಕವಚ ಅಥವಾ ಕವರ್‌ಸ್ಟಾಕ್ ಎಂದೂ, ನಡುವೆ ಹುದುಗಿಸಿದ ಭಾರವಾದ ಗಟ್ಟಿಗೆ ತಿರುಳು ಅಥವಾ ಕೋರ್ ಎಂದೂ ಹೆಸರು. ಚೆಂಡು ಎಷ್ಟು ದೂರ ಜಾರುತ್ತದೆ, ಎಲ್ಲಿ ತಿರುವು ಪಡೆಯುತ್ತದೆ, ಯಾವ ಕೋನದಲ್ಲಿ ಪಿನ್‌ಗಳ ನಡುವೆ ನುಗ್ಗುತ್ತದೆ ಎಂಬುದು ಆಟಗಾರನ ಕೈಚಳಕ, ಲೇನಿನ ಮೇಲಿನ ಎಣ್ಣೆ ಮತ್ತು ಈ ಎರಡು ಭಾಗಗಳ ಗುಣವನ್ನು ಅವಲಂಬಿಸಿದೆ. ಘರ್ಷಣೆ ಹುಟ್ಟುವುದು ಹೊರಕವಚದಲ್ಲಿ. ಆ ಘರ್ಷಣೆ ಚೆಂಡಿನ ಚಲನೆಯನ್ನು ಎಷ್ಟು ಬೇಗ ಬದಲಿಸಬೇಕು, ಕವಚದ ಯಾವ ಭಾಗ ಲೇನಿಗೆ ತಾಗಬೇಕು ಎಂಬುದನ್ನು ರೂಪಿಸುವುದು ತಿರುಳು. ತಿರುಳು ಲೇನನ್ನು ಎಂದೂ ಮುಟ್ಟುವುದಿಲ್ಲವಾದ್ದರಿಂದ ಅದರ ಪ್ರಭಾವವೆಲ್ಲ ಹೊರಕವಚದ ಮೂಲಕವೇ ಪ್ರಕಟವಾಗಬೇಕು.

ಲೇನ್ ಮತ್ತು ಎಣ್ಣೆ

ಫೌಲ್ ಗೆರೆಯಿಂದ ಮುಂಚೂಣಿಯ ಪಿನ್‌ವರೆಗೆ ಲೇನಿನ ಉದ್ದ 60 ಅಡಿ (18.29 ಮೀ.). ಸುಮಾರು 41½ ಅಂಗುಲದ ಅಗಲವನ್ನು 39 ಹಲಗೆಗಳಾಗಿ ಎಣಿಸುತ್ತಾರೆ. ಇಂದಿನ ಲೇನ್‌ಗಳಲ್ಲಿ ಹೆಚ್ಚಿನವು ಕೃತಕ ವಸ್ತುವಿನವು. ಆದರೂ ಹಲಗೆಯ ಲೆಕ್ಕ ಉಳಿದುಕೊಂಡಿದೆ. ಪಿನ್ 15 ಅಂಗುಲ ಎತ್ತರ, ಸುಮಾರು ಒಂದೂವರೆ ಕಿಲೋ ತೂಕದ್ದು. ಚೆಂಡಿನ ವ್ಯಾಸ 8.500ರಿಂದ 8.595 ಅಂಗುಲದೊಳಗೆ ಇರಬೇಕು, ತೂಕ 16 ಪೌಂಡ್ (7.26 ಕೆ.ಜಿ.) ಮೀರುವಂತಿಲ್ಲ.

ಮೊದಲು ಮರದ ಲೇನ್ ಸವೆಯದಿರಲೆಂದು ಹಚ್ಚುತ್ತಿದ್ದ ಎಣ್ಣೆ ಈಗ ಆಟದ ಕಷ್ಟವನ್ನೇ ನಿರ್ಧರಿಸುತ್ತದೆ. ಯಂತ್ರವೊಂದು ಫೌಲ್ ಗೆರೆಯ ಬಳಿಯಿಂದ ಹೊರಟು ಸಾಮಾನ್ಯವಾಗಿ 40 ಅಡಿಯ ಆಸುಪಾಸಿನವರೆಗೆ ತೆಳುವಾದ ಎಣ್ಣೆಯ ಪದರ ಬಳಿಯುತ್ತದೆ. ಉಳಿದ ಭಾಗ ಒಣಗಿರುತ್ತದೆ. ಮೋಜಿಗೆ ಆಡುವವರ ಲೇನಿನಲ್ಲಿ ನಡುವೆ ಎಣ್ಣೆ ದಟ್ಟವಾಗಿಯೂ ಅಂಚಿನಲ್ಲಿ ವಿರಳವಾಗಿಯೂ ಇರುವುದರಿಂದ ಗುರಿ ತಪ್ಪಿದ ಚೆಂಡೂ ಹಲವು ಸಲ ಸರಿದಾರಿಗೆ ಬರುತ್ತದೆ. ವೃತ್ತಿಪರ ಪಂದ್ಯಗಳ ವಿನ್ಯಾಸಗಳಲ್ಲಿ ಈ ರಿಯಾಯಿತಿ ಕಡಿಮೆ. ಎಣ್ಣೆ ಇರುವಲ್ಲಿ ಚೆಂಡಿಗೂ ಲೇನಿಗೂ ನಡುವಿನ ಘರ್ಷಣಾಂಕ ಸುಮಾರು 0.04, ಒಣ ಭಾಗದಲ್ಲಿ ಸುಮಾರು 0.2. ಅಂದರೆ 15 ಪೌಂಡ್ ಚೆಂಡಿನ ಮೇಲೆ ಮೊದಲ ಭಾಗದಲ್ಲಿ 0.6 ಪೌಂಡ್‌ನಷ್ಟು ಘರ್ಷಣ ಬಲ ವರ್ತಿಸಿದರೆ ಕೊನೆಯ ಭಾಗದಲ್ಲಿ ಅದು 3 ಪೌಂಡ್‌ಗೆ ಏರುತ್ತದೆ. ತಿರುವೆಲ್ಲ ಲೇನಿನ ಕೊನೆಯ ಮೂರನೆಯ ಒಂದು ಭಾಗದಲ್ಲೇ ಎದ್ದು ಕಾಣುವುದಕ್ಕೆ ಈ ಐದು ಪಟ್ಟಿನ ಅಂತರವೇ ಕಾರಣ.

ತಿರುವು ಏಕೆ ಬೇಕು

ಬಲಗೈ ಆಟಗಾರ 1 ಮತ್ತು 3ನೇ ಪಿನ್‌ಗಳ ನಡುವಿನ ಸಂದಿಗೆ ಗುರಿಯಿಡುತ್ತಾನೆ. ಎಡಗೈಯವನಿಗೆ ಅದು 1 ಮತ್ತು 2ರ ನಡುವಿನ ಸಂದಿ. ಪಾಕೆಟ್ ಎನ್ನುವುದು ಇದನ್ನೇ. ಚೊಕ್ಕ ಸ್ಟ್ರೈಕ್‌ನಲ್ಲಿ, ಅಂದರೆ ಹತ್ತೂ ಪಿನ್‌ಗಳು ಒಂದೇ ಎಸೆತಕ್ಕೆ ಬೀಳುವಾಗ, ಬಲಗೈಯವನ ಚೆಂಡು ತಾನೇ ಹೊಡೆಯುವುದು 1, 3, 5 ಮತ್ತು 9ನೇ ಪಿನ್‌ಗಳನ್ನು ಮಾತ್ರ. ಉಳಿದ ಆರನ್ನು ಪಿನ್‌ಗಳೇ ಒಂದನ್ನೊಂದು ತಳ್ಳಿ ಬೀಳಿಸುತ್ತವೆ. ಪ್ರತಿ ಡಿಕ್ಕಿಯಲ್ಲೂ ಚೆಂಡು ಪಕ್ಕಕ್ಕೆ ಸರಿಯುತ್ತದೆ. ಹೆಚ್ಚು ಸರಿದರೆ 5ನೇ ಪಿನ್ ನಿಂತುಬಿಡುತ್ತದೆ. ಇದನ್ನು ತಪ್ಪಿಸಲು ಚೆಂಡು ಓರೆಯಾಗಿ ಒಳಹೊಗಬೇಕು. 4ರಿಂದ 6 ಡಿಗ್ರಿಯ ಪ್ರವೇಶ ಕೋನ ಅನುಕೂಲಕರವೆಂದು ಪರಿಗಣಿತವಾಗಿದೆ. ಲೇನಿನ ಅಗಲ ಕಿರಿದಾದ್ದರಿಂದ ನೇರವಾಗಿ ಎಸೆದ ಚೆಂಡು ಅಂಚಿನಿಂದ ಹೊರಟರೂ ಪಾಕೆಟ್‌ನಲ್ಲಿ 2 ಡಿಗ್ರಿಯನ್ನು ಮುಟ್ಟದು. ಈ ಕೊರತೆಯನ್ನು ತುಂಬಲು ಇರುವ ದಾರಿ ಹುಕ್, ಅಂದರೆ ದಾರಿಯಲ್ಲಿ ಬಾಗುವ ಎಸೆತ.

ಚಲನೆಯ ಮೂರು ಹಂತಗಳು

ಕೈಬಿಟ್ಟ ಚೆಂಡು ಮೊದಲು ಜಾರುತ್ತದೆ, ಆಮೇಲೆ ಬಾಗುತ್ತದೆ, ಕೊನೆಗೆ ಉರುಳುತ್ತದೆ. ಆಟಗಾರರ ಮಾತಿನಲ್ಲಿ ಇವು ಸ್ಕಿಡ್, ಹುಕ್ ಮತ್ತು ರೋಲ್.

ಗಂಟೆಗೆ 17 ಮೈಲಿ (27 ಕಿ.ಮೀ.) ವೇಗದಲ್ಲಿ ಸಾಗುವ ಚೆಂಡು ಜಾರದೆ ಪೂರ್ಣವಾಗಿ ಉರುಳಬೇಕಾದರೆ ನಿಮಿಷಕ್ಕೆ ಸುಮಾರು 665 ಸುತ್ತು ಸುತ್ತಬೇಕು. ಕೈಯಿಂದ ಅದಕ್ಕೆ ಸಿಗುವುದು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿಮೆ. 300ರಿಂದ 400 ಸುತ್ತು ಒಳ್ಳೆಯ ಆಟಗಾರನ ಲಕ್ಷಣ. ಅಲ್ಲದೆ ಆ ಸುತ್ತು ನೇರ ಮುಂದಕ್ಕಿರದೆ ಪಕ್ಕಕ್ಕೆ ವಾಲಿರುತ್ತದೆ. ಹೀಗೆ ಸಾಗುವ ದಿಕ್ಕೂ ಸುತ್ತುವ ದಿಕ್ಕೂ ಹೊಂದದಿರುವಾಗ ಘರ್ಷಣೆ ಏಕಕಾಲದಲ್ಲಿ ಮೂರು ಕೆಲಸ ಮಾಡುತ್ತದೆ: ಮುನ್ನುಗ್ಗುವ ವೇಗವನ್ನು ತಗ್ಗಿಸುತ್ತದೆ, ಸುತ್ತುವ ವೇಗವನ್ನು ಹೆಚ್ಚಿಸುತ್ತದೆ, ಚೆಂಡನ್ನು ಪಕ್ಕಕ್ಕೆ ಎಳೆಯುತ್ತದೆ. ಎರಡು ವೇಗಗಳು ಹೊಂದಿಕೊಂಡ ಕ್ಷಣದಿಂದ ಜಾರುವಿಕೆ ನಿಲ್ಲುತ್ತದೆ, ಬಾಗುವುದೂ ನಿಲ್ಲುತ್ತದೆ. ಅಲ್ಲಿಂದ ಮುಂದೆ ಚೆಂಡು ನೇರ ಗೆರೆಯಲ್ಲಿ ಉರುಳುತ್ತದೆ.

ಈ ಹೊಂದಾಣಿಕೆ ಎಲ್ಲಿ ಆಗಬೇಕೆಂಬುದೇ ಚೆಂಡಿನ ಆಯ್ಕೆಯ ಮೂಲ ಪ್ರಶ್ನೆ. ಪಿನ್‌ಗಳಿಗೆ ಬಹಳ ಮುಂಚೆಯೇ ಆದರೆ ಚೆಂಡು ತನ್ನ ವೇಗವನ್ನು ದಾರಿಯಲ್ಲೇ ಕಳೆದುಕೊಂಡು ಸಣ್ಣ ಕೋನದಲ್ಲಿ ಪಿನ್‌ಗಳನ್ನು ತಲುಪುತ್ತದೆ. ತೀರ ತಡವಾದರೆ ಪಾಕೆಟ್‌ಗೆ ಬರುವಷ್ಟು ತಿರುವೇ ಸಿಗುವುದಿಲ್ಲ. ಹೊರಕವಚ ಮತ್ತು ತಿರುಳಿನ ವಿನ್ಯಾಸವೆಲ್ಲ ಈ ಒಂದು ಬಿಂದುವನ್ನು ಹಿಂದೆ ಮುಂದೆ ಸರಿಸುವ ಪ್ರಯತ್ನ.

ಹೊರಕವಚದ ಇತಿಹಾಸ

ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ 1895ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಥಾಪನೆಯಾಗಿ ನಿಯಮಗಳಿಗೆ ಏಕರೂಪ ಬಂದಾಗ ಚೆಂಡುಗಳು ಲಿಗ್ನಮ್ ವೈಟೆ ಎಂಬ ಅತಿ ಗಡಸು ಮರದವಾಗಿದ್ದವು. 20ನೇ ಶತಮಾನದ ಮೊದಲ ದಶಕದಲ್ಲಿ ಗಟ್ಟಿ ರಬ್ಬರಿನ ಚೆಂಡು ಬಂತು. ಬ್ರನ್ಸ್‌ವಿಕ್ ಕಂಪನಿ 1914ರಲ್ಲಿ ಮಿನರಲೈಟ್ ಎಂಬ ರಬ್ಬರ್ ಚೆಂಡನ್ನು ಪ್ರಚಾರಕ್ಕೆ ತಂದಿತು. ಅರ್ಧ ಶತಮಾನದಷ್ಟು ಕಾಲ ರಬ್ಬರಿನದೇ ಆಳ್ವಿಕೆ. ಆಮೇಲೆ ಅಗ್ಗವೂ ಬಣ್ಣಬಣ್ಣದ್ದೂ ಆದ ಪಾಲಿಯೆಸ್ಟರ್ ಅದರ ಜಾಗಕ್ಕೆ ಬಂತು.

ಹೊರ ಪದರ ಆಟದ ಫಲಿತಾಂಶವನ್ನೇ ಬದಲಿಸಬಲ್ಲದೆಂದು ಎಲ್ಲರ ಕಣ್ಣಿಗೆ ಬಿದ್ದದ್ದು 1973ರಲ್ಲಿ. ಆ ವರ್ಷ ಡಾನ್ ಮೆಕ್ಯೂನ್ ಪಾಲಿಯೆಸ್ಟರ್ ಚೆಂಡನ್ನು ಮಿಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಸಿ ಮೃದುಗೊಳಿಸಿ ಆಡಿದ. ಮೃದುವಾದ ಕವಚ ಲೇನನ್ನು ಹೆಚ್ಚು ಕಚ್ಚಿತು. ಆತ ಅಮೆರಿಕದ ವೃತ್ತಿಪರ ಬೌಲರ್‌ಗಳ ಸಂಘವಾದ ಪಿಬಿಎಯ ಆರು ಪ್ರಶಸ್ತಿಗಳನ್ನು ಗೆದ್ದು ವರ್ಷದ ಆಟಗಾರನಾದ. ಕೆಲವೇ ವರ್ಷಗಳಲ್ಲಿ ಗಡಸುತನಕ್ಕೆ ಕನಿಷ್ಠ ಮಿತಿ ವಿಧಿಸುವ ನಿಯಮಗಳು ಬಂದವು. ಒಂದು ಚೂಪು ಮೊನೆಯನ್ನು ಒತ್ತಿ ಗಡಸುತನ ಅಳೆಯುವ ಡ್ಯೂರೋಮೀಟರ್ ಅಲ್ಲಿಂದ ಪಂದ್ಯಗಳ ಪರಿಕರವಾಯಿತು.

1980ರ ದಶಕದ ಆರಂಭದಲ್ಲಿ ಯುರೆಥೇನ್ ಕವಚದ ಚೆಂಡುಗಳು ಬಂದವು. ಎಎಂಎಫ್ ಕಂಪನಿಯ ಆ್ಯಂಗಲ್ ಅವುಗಳಲ್ಲಿ ಹೆಸರಾದದ್ದು. 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂದ ಮೇಲೆ ಸ್ಟ್ರೈಕ್‌ಗಳ ಸಂಖ್ಯೆಯೂ 300 ಅಂಕಗಳ ಪರಿಪೂರ್ಣ ಆಟಗಳ ಸಂಖ್ಯೆಯೂ ಏರಿದವು. ಕೌಶಲಕ್ಕಿಂತ ಉಪಕರಣವೇ ಮೇಲಾಯಿತೆಂಬ ಆಕ್ಷೇಪವೂ ಆಗಲೇ ಹುಟ್ಟಿತು. ಇಂದಿಗೂ ನಿಯಮ ರೂಪಿಸುವವರನ್ನು ಕಾಡುತ್ತಿರುವುದು ಅದೇ.

ಹೊರಕವಚದ ಬಗೆಗಳು

ಪಾಲಿಯೆಸ್ಟರ್: ಗಡಸು, ನುಣುಪು, ಎಣ್ಣೆಯನ್ನು ಹೀರದ ಕವಚ. ಲೇನಿನ ಬಹುಭಾಗ ಜಾರಿಕೊಂಡೇ ಹೋಗುತ್ತದೆ. ಎಣ್ಣೆ ಎಲ್ಲಿದೆ, ಎಲ್ಲಿ ಒಣಗಿದೆ ಎಂಬುದು ಇದಕ್ಕೆ ಹೆಚ್ಚು ತಟ್ಟುವುದಿಲ್ಲ. ಒಂಟಿಯಾಗಿ ಉಳಿದ ಪಿನ್‌ಗೆ ನೇರವಾಗಿ ಎಸೆಯಲು ಆ ನಿರ್ಲಿಪ್ತತೆಯೇ ಬೇಕು. ಹೀಗಾಗಿ ಚೀಲದಲ್ಲಿ ದುಬಾರಿ ಚೆಂಡುಗಳಿರುವ ಆಟಗಾರರೂ ಉಳಿಕೆ ಪಿನ್‌ಗಳಿಗೆಂದು ಒಂದು ಪಾಲಿಯೆಸ್ಟರ್ ಚೆಂಡನ್ನು ಇಟ್ಟುಕೊಳ್ಳುತ್ತಾರೆ.

ಯುರೆಥೇನ್: ಪಾಲಿಯೆಸ್ಟರ್‌ಗಿಂತ ಹೆಚ್ಚು ಹಿಡಿತ. ಬೇಗನೆ ಬಾಗಲು ತೊಡಗಿ, ಏರಿಳಿತವಿಲ್ಲದ ದೀರ್ಘ ಕಮಾನಿನಲ್ಲಿ ಸಾಗುತ್ತದೆ. ಚಿಕ್ಕ ಎಣ್ಣೆ ವಿನ್ಯಾಸಗಳಲ್ಲಿ, ಅಂದರೆ ಒಣ ಭಾಗ ಬೇಗನೆ ಶುರುವಾಗುವ ಲೇನ್‌ಗಳಲ್ಲಿ, ಇದರ ಸಂಯಮ ಉಪಯುಕ್ತ. ಎಣ್ಣೆಯನ್ನು ಹೆಚ್ಚು ಹೀರದೆ ಒಣ ಭಾಗಕ್ಕೆ ಎಳೆದೊಯ್ಯುವುದರಿಂದ ಲೇನಿನ ಸ್ಥಿತಿಯನ್ನೂ ಬದಲಿಸುತ್ತದೆ.

ರಿಯಾಕ್ಟಿವ್ ರೆಸಿನ್: ಯುರೆಥೇನ್‌ಗೆ ಪ್ಲಾಸ್ಟಿಸೈಸರ್ ಮೊದಲಾದ ಪದಾರ್ಥಗಳನ್ನು ಬೆರೆಸಿ ತಯಾರಿಸಿದ್ದು. ಕವಚ ಗಟ್ಟಿಯಾಗುವಾಗ ಸರಪಳಿಗೆ ಸೇರದೆ ಉಳಿಯುವ ಈ ಪದಾರ್ಥಗಳಿಂದ ಮೇಲ್ಮೈಯಲ್ಲಿ ಅತಿಸೂಕ್ಷ್ಮ ರಂಧ್ರಗಳು ಉಂಟಾಗುತ್ತವೆ. ಅವು ಎಣ್ಣೆಯನ್ನು ಒಳಗೆಳೆದುಕೊಳ್ಳುವುದರಿಂದ ಒಣ ಭಾಗ ಸಿಕ್ಕ ಕೂಡಲೇ ಚೆಂಡು ಲೇನನ್ನು ಬಲವಾಗಿ ಹಿಡಿಯುತ್ತದೆ. ಇದರಲ್ಲೇ ಮೂರು ಉಪವರ್ಗಗಳಿವೆ. ಸಾಲಿಡ್ ಕವಚ ಬೇಗನೆ ಹಿಡಿದು ಸರಾಗವಾಗಿ ಬಾಗುತ್ತದೆ. ಅಭ್ರಕ ಬೆರೆಸಿದ ಪರ್ಲ್ ಕವಚ ಎಣ್ಣೆಯಲ್ಲಿ ಹೆಚ್ಚು ದೂರ ಜಾರಿ ಕೊನೆಯಲ್ಲಿ ಥಟ್ಟನೆ ತಿರುಗುತ್ತದೆ. ಹೈಬ್ರಿಡ್ ಇವೆರಡರ ನಡುವಿನದು. ಸೂಕ್ಷ್ಮ ಗಡಸು ಕಣಗಳನ್ನು ಬೆರೆಸಿದ ಪಾರ್ಟಿಕಲ್ ಕವಚಗಳು 1990ರ ದಶಕದ ಕೊನೆಯಲ್ಲಿ ಜನಪ್ರಿಯವಾಗಿದ್ದವು, ಈಗ ವಿರಳ.

ಮೇಲ್ಮೈಯ ಒರಟುತನ

ಒಂದೇ ಕವಚವನ್ನು ಬೇರೆ ಬೇರೆ ರೀತಿಯಲ್ಲಿ ಉಜ್ಜಿದರೆ ಅದು ಬೇರೆ ಬೇರೆ ಚೆಂಡಿನಂತೆ ವರ್ತಿಸುತ್ತದೆ. ಮಳೆಯಲ್ಲಿ ನೆನೆದ ರಸ್ತೆಯ ಮೇಲೆ ಟಯರಿನ ಗೀರುಗಳು ನೀರಿಗೆ ದಾರಿ ಕೊಟ್ಟು ರಬ್ಬರನ್ನು ಡಾಂಬರಿಗೆ ತಾಗಿಸುವಂತೆ, ಒರಟು ಕವಚದ ಸಣ್ಣ ಸಣ್ಣ ಉಬ್ಬುತಗ್ಗುಗಳು ಎಣ್ಣೆಯ ಪದರವನ್ನು ಭೇದಿಸಿ ಲೇನನ್ನು ಮುಟ್ಟುತ್ತವೆ. ಉಜ್ಜುವ ಪ್ಯಾಡಿನ ಅಂಕಿ ಕಡಿಮೆಯಿದ್ದಷ್ಟು ಅದು ಒರಟು. ಆದ್ದರಿಂದ 500ರ ಪ್ಯಾಡಿನಿಂದ ಉಜ್ಜಿದ ಚೆಂಡು ಬೇಗನೆ ಹಿಡಿಯುತ್ತದೆ. 4000ರ ಪ್ಯಾಡಿನಿಂದ ನಯಗೊಳಿಸಿದ್ದು ಅಥವಾ ಪಾಲಿಶ್ ಹಾಕಿದ್ದು ಮುಂದಕ್ಕೆ ಜಾರಿ ತಡವಾಗಿ ತಿರುಗುತ್ತದೆ. ನಯವಾದ ಚೆಂಡು ಒಣ ಭಾಗದಲ್ಲಿ ಜೋರಾಗಿ ತಿರುಗುವುದನ್ನು ಕಂಡವರು ಅದಕ್ಕೆ ಹಿಡಿತ ಹೆಚ್ಚೆಂದು ತಿಳಿಯುವುದುಂಟು. ವಾಸ್ತವದಲ್ಲಿ ಅದು ಮೊದಲ ಭಾಗದಲ್ಲಿ ಶಕ್ತಿ ಖರ್ಚು ಮಾಡದೆ ಉಳಿಸಿಕೊಂಡಿರುತ್ತದೆ, ಅಷ್ಟೆ.

ಅಮೆರಿಕದ ನಿಯಂತ್ರಣ ಸಂಸ್ಥೆಯಾದ ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್ (ಯುಎಸ್‌ಬಿಸಿ) 2000ರ ದಶಕದಲ್ಲಿ ಚೆಂಡಿನ ಚಲನೆಯ ಬಗೆಗೆ ವ್ಯಾಪಕ ಅಧ್ಯಯನ ನಡೆಸಿತು. ಮೇಲ್ಮೈಯ ಒರಟುತನ, ಘರ್ಷಣಾಂಕ, ಎಣ್ಣೆ ಹೀರುವ ವೇಗ ಎಂಬ ಕವಚದ ಗುಣಗಳೇ ಚಲನೆಯ ಮೇಲೆ ಅತಿ ಹೆಚ್ಚು ಪ್ರಭಾವ ಬೀರುತ್ತವೆಂದು ಅದರಿಂದ ಕಂಡುಬಂತು.

ತಿರುಳು: ತೂಕ ಎಲ್ಲಿದೆ

ಹಳೆಯ ಚೆಂಡುಗಳಲ್ಲಿ ತಿರುಳಿಗೆ ಇದ್ದ ಕೆಲಸ ಚಿಕ್ಕದು: ಬೆರಳಿನ ರಂಧ್ರ ಕೊರೆದಾಗ ಕಳೆದುಹೋಗುವ ತೂಕವನ್ನು ತುಂಬಿಕೊಡುವುದು. ಮೇಲ್ಭಾಗದಲ್ಲಿ ಇಟ್ಟ ಚಪ್ಪಟೆ ಬಿಲ್ಲೆಯೊಂದು ಅದಕ್ಕೆ ಸಾಕಾಗಿತ್ತು. ಪಾಲಿಯೆಸ್ಟರ್ ಚೆಂಡುಗಳಲ್ಲಿ ಅದು ಈಗಲೂ ಇದೆ. ಹೆಚ್ಚು ಸಾಂದ್ರವಾದ ತಿರುಳಿಗೆ ಬಲ್ಬು, ಕೊಳವೆ ಮುಂತಾದ ಆಕಾರ ಕೊಟ್ಟು ಚೆಂಡಿನ ಸುತ್ತುವ ರೀತಿಯನ್ನೇ ಬದಲಿಸಬಹುದೆಂಬ ತಿಳಿವಳಿಕೆ ಬಲಿತದ್ದು 1980 ಮತ್ತು 1990ರ ದಶಕಗಳಲ್ಲಿ. ಈ ದಿಕ್ಕಿನಲ್ಲಿ ದುಡಿದ ಪ್ರಮುಖ ವಿನ್ಯಾಸಕಾರ ಮೋ ಪಿನೆಲ್ (ನಿಧನ 2021). ಆತ ಅಸಮಾಂಗ ತಿರುಳುಗಳಿಗೂ ರಂಧ್ರ ಕೊರೆಯುವ ವ್ಯವಸ್ಥಿತ ವಿಧಾನಗಳಿಗೂ ಹೆಸರಾದವನು.

ತಿರುಳನ್ನು ವಿವರಿಸಲು ಮೂರು ಅಳತೆಗಳಿವೆ. ಮೊದಲನೆಯದು ಪರಿಭ್ರಮಣ ತ್ರಿಜ್ಯ. ಆಟಗಾರರು ಇದನ್ನು ಆರ್‌ಜಿ ಎನ್ನುತ್ತಾರೆ. ಚೆಂಡಿನ ದ್ರವ್ಯರಾಶಿ ಸುತ್ತುವ ಅಕ್ಷದಿಂದ ಸರಾಸರಿ ಎಷ್ಟು ದೂರಕ್ಕೆ ಹಂಚಿಹೋಗಿದೆ ಎಂಬುದರ ಸೂಚಕ ಇದು. ಒಳಗೆ ಎಲ್ಲೆಡೆ ಒಂದೇ ಸಾಂದ್ರತೆಯಿರುವ 8.5 ಅಂಗುಲದ ಗೋಳದಲ್ಲಿ ಇದು ಸುಮಾರು 2.69 ಅಂಗುಲ. ನಿಯಮ ಒಪ್ಪುವ ವ್ಯಾಪ್ತಿ 2.46ರಿಂದ 2.80. ತೂಕ ಕೇಂದ್ರದ ಬಳಿ ಇದ್ದರೆ ಆರ್‌ಜಿ ಕಡಿಮೆ. ಅಂಥ ಚೆಂಡು ಬೇಗನೆ ಸುತ್ತುವೇಗ ಪಡೆದು ಬೇಗನೆ ಉರುಳುವ ಹಂತಕ್ಕೆ ಬರುತ್ತದೆ. ತೂಕ ಕವಚದ ಕಡೆಗೆ ಚದುರಿದ್ದರೆ ಆರ್‌ಜಿ ಹೆಚ್ಚು. ಚೆಂಡು ಜಾರುತ್ತಾ ದೂರ ಹೋಗಿ ತಿರುವನ್ನು ಕೊನೆಗೆ ಉಳಿಸಿಕೊಳ್ಳುತ್ತದೆ.

ಎರಡನೆಯದು ಡಿಫರೆನ್ಷಿಯಲ್: ಅತಿ ಹೆಚ್ಚು ಮತ್ತು ಅತಿ ಕಡಿಮೆ ಆರ್‌ಜಿ ಇರುವ ಅಕ್ಷಗಳ ನಡುವಿನ ಅಂತರ. ಇದರ ಗರಿಷ್ಠ ಮಿತಿ 0.060 ಅಂಗುಲ. ನೋಡಲು ಅತ್ಯಲ್ಪವಾದರೂ ಇದರ ಪರಿಣಾಮ ದೊಡ್ಡದು. ಘರ್ಷಣೆಯ ತಿರುಚುಬಲ ವರ್ತಿಸುತ್ತಿರುವಾಗ ಚೆಂಡಿನ ಸುತ್ತುವ ಅಕ್ಷ ಒಂದೇ ಜಾಗದಲ್ಲಿ ನಿಲ್ಲದೆ ಪ್ರತಿ ಸುತ್ತಿಗೂ ಸ್ವಲ್ಪ ಸರಿಯುತ್ತದೆ. ಇದರಿಂದ ಲೇನಿಗೆ ತಾಗುವ ಪಟ್ಟಿಯೂ ಸರಿಯುತ್ತದೆ. ಇದೇ ಟ್ರ್ಯಾಕ್ ಫ್ಲೇರ್. ಚೆಂಡು ಮರಳಿ ಬಂದಾಗ ಅದರ ಮೇಲಿನ ಎಣ್ಣೆಯ ಬಳೆಗಳು ಎರಡು ಕಡೆ ಕೂಡಿ ಮಿಕ್ಕೆಡೆ ಬಿಚ್ಚಿಕೊಂಡಿರುವುದನ್ನು ಕಾಣಬಹುದು. ಡಿಫರೆನ್ಷಿಯಲ್ ಹೆಚ್ಚಿರುವ ಚೆಂಡಿನಲ್ಲಿ ಮೊದಲ ಬಳೆಗೂ ಕೊನೆಯದಕ್ಕೂ ಐದಾರು ಅಂಗುಲ ದೂರವಿರುವುದುಂಟು. ಫ್ಲೇರ್ ಇಲ್ಲದಿದ್ದರೆ ಎಣ್ಣೆ ಮೆತ್ತಿದ ಅದೇ ಪಟ್ಟಿ ಮತ್ತೆ ಮತ್ತೆ ಲೇನಿಗೆ ತಾಗುತ್ತಿತ್ತು. ಇದ್ದರೆ ಪ್ರತಿ ಸುತ್ತಿಗೂ ಒಣಗಿದ ಹೊಸ ಕವಚ ಕೆಳಗೆ ಬರುತ್ತದೆ.

ಮೂರನೆಯದು ಮಧ್ಯಂತರ ಡಿಫರೆನ್ಷಿಯಲ್: ಅತಿ ಹೆಚ್ಚು ಮತ್ತು ನಡುವಿನ ಆರ್‌ಜಿ ಇರುವ ಅಕ್ಷಗಳ ನಡುವಿನ ಅಂತರ. ಸಮಾಂಗ ತಿರುಳಿನಲ್ಲಿ ಇದು ಶೂನ್ಯಕ್ಕೆ ಹತ್ತಿರ. ತಿರುಳಿನ ಒಂದು ಪಕ್ಕಕ್ಕೆ ಭಾರ ಹೆಚ್ಚಿರುವ ಅಸಮಾಂಗ ಚೆಂಡಿನಲ್ಲಿ ಮೂರು ಅಕ್ಷಗಳ ಆರ್‌ಜಿಯೂ ಬೇರೆ ಬೇರೆ. ಅಂಥ ಚೆಂಡಿನ ಅಕ್ಷ ಬೇಗ ಬೇಗ ಸರಿದು, ಒಣ ಭಾಗಕ್ಕೆ ಬಂದಾಗ ತಿರುವು ಹೆಚ್ಚು ಚುರುಕಾಗಿರುತ್ತದೆ.

ಕಂಪನಿಗಳು ಪ್ರಚಾರದಲ್ಲಿ ಕೊಡುವ ಅಂಕಿಗಳು ಸಾಮಾನ್ಯವಾಗಿ 15 ಅಥವಾ 16 ಪೌಂಡಿನ ಚೆಂಡಿನವು. ಅದೇ ಹೆಸರಿನ ಹಗುರ ಚೆಂಡಿನಲ್ಲಿ ತಿರುಳಿನ ಗಾತ್ರವೋ ಆಕಾರವೋ ಬೇರೆಯಿದ್ದು ಅಳತೆಗಳು ಬದಲಾಗಿರುತ್ತವೆ.

ರಂಧ್ರ ಕೊರೆತ

ಹೊಸ ಚೆಂಡಿಗೆ ರಂಧ್ರಗಳಿರುವುದಿಲ್ಲ. ಬೌಲಿಂಗ್ ಸಲಕರಣೆಗಳ ಅಂಗಡಿಯಾದ ಪ್ರೊ ಶಾಪ್‌ನಲ್ಲಿ ಆಟಗಾರನ ಕೈ ಅಳತೆಗೆ ತಕ್ಕಂತೆ ಅವನ್ನು ಕೊರೆಯುತ್ತಾರೆ. ತಿರುಳಿನ ತುದಿ ಎಲ್ಲಿದೆಯೆಂದು ತೋರಿಸಲು ಕವಚದ ಮೇಲೆ ಬೇರೆ ಬಣ್ಣದ ಚುಕ್ಕೆಯೊಂದು ಇರುತ್ತದೆ. ಪಿನ್ ಎಂದೇ ಅದರ ಹೆಸರು. ಚೆಂಡು ಕೈಬಿಟ್ಟಾಗ ಸುತ್ತುವ ಅಕ್ಷ ಕವಚವನ್ನು ಸಂಧಿಸುವ ಬಿಂದುವಿನಿಂದ ಈ ಚುಕ್ಕೆ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಫ್ಲೇರ್ ನಿಂತಿದೆ. ದೂರ 3⅜ ಅಂಗುಲವಾದಾಗ ಫ್ಲೇರ್ ಗರಿಷ್ಠ. ಸೊನ್ನೆಯಾದಾಗ ಅಥವಾ ಪರಿಧಿಯ ಕಾಲುಭಾಗವಾದ 6¾ ಅಂಗುಲವಾದಾಗ ಕನಿಷ್ಠ. ಹೀಗಾಗಿ ಒಂದೇ ಮಾದರಿಯ ಎರಡು ಚೆಂಡುಗಳನ್ನು ಒಬ್ಬನೇ ಆಟಗಾರ ಬೇರೆ ಬೇರೆ ರೀತಿ ಕೊರೆಯಿಸಿ ಬೇರೆ ಬೇರೆ ಕೆಲಸಕ್ಕೆ ಬಳಸಬಹುದು. ಹೆಬ್ಬೆರಳಿನ ಆಳವಾದ ರಂಧ್ರ ತಿರುಳಿನ ಸಮತೋಲವನ್ನೂ ಸ್ವಲ್ಪ ಬದಲಿಸುತ್ತದೆ. ಹೆಬ್ಬೆರಳು ಬಳಸದೆ ಎರಡು ಕೈಗಳಿಂದ ಎಸೆಯುವವರ ಚೆಂಡಿನಲ್ಲಿ ಈ ಬದಲಾವಣೆ ಇರುವುದಿಲ್ಲ.

ಎರಡರ ತುಲನೆ

ಆರ್‌ಜಿಯ ವ್ಯಾಪ್ತಿಯ ಎರಡು ತುದಿಗಳನ್ನು ಹೋಲಿಸಿದರೆ ಜಡತ್ವ ಭ್ರಾಮಕದಲ್ಲಿ, ಅಂದರೆ ಸುತ್ತುವೇಗದ ಬದಲಾವಣೆಗೆ ಚೆಂಡು ಒಡ್ಡುವ ಪ್ರತಿರೋಧದಲ್ಲಿ, ಕಡಿಮೆ ತುದಿಯಿಂದ ಹೆಚ್ಚು ತುದಿಗೆ ಬರುವ ಏರಿಕೆ ಸುಮಾರು ಶೇಕಡಾ 30. ಮಾರುಕಟ್ಟೆಯ ಬಹುತೇಕ ಚೆಂಡುಗಳ ನಡುವಿನ ಅಂತರ ಇದಕ್ಕಿಂತಲೂ ಕಡಿಮೆ. ಆದರೆ ಎಣ್ಣೆಗೂ ಒಣ ಲೇನಿಗೂ ನಡುವೆ ಘರ್ಷಣೆ ಐದು ಪಟ್ಟು ಬದಲಾಗುತ್ತದೆ. ಚೆಂಡು ಯಾವ ಕ್ಷಣದಿಂದ ಲೇನನ್ನು ಹಿಡಿಯತೊಡಗುತ್ತದೆ ಎಂಬುದನ್ನು ಕವಚವೇ ತೀರ್ಮಾನಿಸುತ್ತದೆ. ಆದ್ದರಿಂದ ಚೆಂಡಿನ ಆಯ್ಕೆಯಲ್ಲಿ ಮೊದಲು ಕವಚ, ಅದರ ಮೇಲ್ಮೈ, ಆಮೇಲೆ ತಿರುಳು ಎಂಬ ಕ್ರಮ ರೂಢಿಯಲ್ಲಿದೆ.

ತಿರುಳಿನ ಕೊಡುಗೆ ಕಡಿಮೆಯೆಂದು ಇದರ ಅರ್ಥವಲ್ಲ. ಎಣ್ಣೆ ದಟ್ಟವಾಗಿ ಉದ್ದಕ್ಕೆ ಹರಡಿರುವ ಲೇನಿನಲ್ಲಿ ಕಡಿಮೆ ಆರ್‌ಜಿ, ಹೆಚ್ಚು ಡಿಫರೆನ್ಷಿಯಲ್, ಒರಟು ಸಾಲಿಡ್ ಕವಚ ಇವು ಒಂದಕ್ಕೊಂದು ನೆರವಾಗುತ್ತವೆ. ಅದೇ ಚೆಂಡನ್ನು ಒಣಗುತ್ತಿರುವ ಲೇನಿಗೆ ತಂದರೆ ನಡುದಾರಿಯಲ್ಲೇ ಶಕ್ತಿ ಮುಗಿದು ಪಿನ್‌ಗಳ ಬಳಿ ಮಂಕಾಗುತ್ತದೆ. ಆಗ ಹೆಚ್ಚು ಆರ್‌ಜಿಯ, ಪಾಲಿಶ್ ಮಾಡಿದ ಪರ್ಲ್ ಚೆಂಡು ಕೈಗೆ ಬರುತ್ತದೆ. ಬಲವಾದ ತಿರುಳಿಗೆ ಶಾಂತ ಕವಚ, ಶಾಂತ ತಿರುಳಿಗೆ ಬಲವಾದ ಕವಚ ಎಂಬ ಮಿಶ್ರಣಗಳೂ ಇವೆ. ಪಂದ್ಯ ಮುಂದುವರಿದಂತೆ ಚೆಂಡುಗಳು ಎಣ್ಣೆಯನ್ನು ಹೀರಿ, ಎಳೆದು ವಿನ್ಯಾಸವನ್ನು ಕೆಡಿಸುವುದರಿಂದ, ಮೊದಲ ಆಟಕ್ಕೆ ಸರಿಹೊಂದಿದ ಚೆಂಡು ಮೂರನೆಯದಕ್ಕೆ ಹೊಂದಬೇಕೆಂದಿಲ್ಲ. ವೃತ್ತಿಪರರು ಹಲವು ಚೆಂಡುಗಳನ್ನು ಹೊತ್ತು ತಿರುಗುವುದು ಈ ಕಾರಣಕ್ಕೆ.

ನಿಯಮಗಳು

ಯುಎಸ್‌ಬಿಸಿಯ ನಿಯಮಗಳು ಕವಚ, ತಿರುಳು ಎರಡಕ್ಕೂ ಬೇಲಿ ಹಾಕಿವೆ. ಕವಚದ ಮೇಲ್ಮೈಯ ಒರಟುತನ 50 ಮೈಕ್ರೋಅಂಗುಲ ಮೀರಬಾರದು. ಘರ್ಷಣಾಂಕಕ್ಕೂ ಗರಿಷ್ಠ ಮಿತಿಯಿದೆ. ದೀರ್ಘಕಾಲ ಗಡಸುತನದ ಕನಿಷ್ಠ ಮಿತಿಯಾಗಿದ್ದುದು ಡ್ಯೂರೋಮೀಟರ್‌ನ ಡಿ ಮಾಪಕದಲ್ಲಿ 72. 2022ರಲ್ಲಿ ಸ್ಟಾರ್ಮ್ ಕಂಪನಿಯ ಸ್ಪೆಕ್ಟರ್ ಎಂಬ ಚೆಂಡು ಈ ಮಿತಿಗಿಂತ ಮೃದುವಾಗಿದೆಯೆಂದು ಅದರ ಮಾನ್ಯತೆ ರದ್ದಾಯಿತು. ಹಿಡಿಯಲು ಬಳಸದ, ತೂಕ ಸರಿದೂಗಿಸಲೆಂದು ಕೊರೆಯುತ್ತಿದ್ದ ಹೆಚ್ಚುವರಿ ರಂಧ್ರಗಳನ್ನು 2020ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಆ ರಂಧ್ರಗಳಿಂದ ಫ್ಲೇರ್ ಹೆಚ್ಚಿಸಲು ಸಾಧ್ಯವಾಗುತ್ತಿತ್ತು. ಅದೇ ಸುತ್ತಿನ ಸುಧಾರಣೆಯಲ್ಲಿ ಕವಚ ಎಣ್ಣೆ ಹೀರುವ ವೇಗಕ್ಕೂ ಮಿತಿ ಬಂತು. ಪಂದ್ಯದ ನಡುವೆ ಚೆಂಡನ್ನು ದ್ರವ ಹಾಕಿ ಒರೆಸುವುದಕ್ಕೂ ತಡೆಯಿದೆ. ಒಣ ಬಟ್ಟೆಗೆ ಮಾತ್ರ ಅವಕಾಶ.

ಬಾಳಿಕೆ ಮತ್ತು ಆರೈಕೆ

ರಿಯಾಕ್ಟಿವ್ ಕವಚದ ಹಿಡಿತಕ್ಕೆ ಕಾರಣವಾದ ಸೂಕ್ಷ್ಮ ರಂಧ್ರಗಳೇ ಅದರ ಆಯುಷ್ಯವನ್ನು ತಗ್ಗಿಸುತ್ತವೆ. ಹೀರಿದ ಎಣ್ಣೆ ಒಳಗೆ ತುಂಬಿಕೊಂಡಂತೆ ತಿರುವು ಮಂದವಾಗುತ್ತದೆ. ಲೇನಿನ ತಿಕ್ಕಾಟದಿಂದ ಒರಟುತನವೂ ಸವೆದು ಪಟ್ಟಿ ಹೊಳೆಯತೊಡಗುತ್ತದೆ. ಆಡಿದ ತಕ್ಷಣ ಒರೆಸುವುದು, ಆಗಾಗ ಮೇಲ್ಮೈಯನ್ನು ಮತ್ತೆ ಉಜ್ಜಿಸುವುದು, ಹದವಾದ ಶಾಖದಿಂದ ಎಣ್ಣೆಯನ್ನು ಹೊರತೆಗೆಸುವುದು ಸಾಮಾನ್ಯ ಆರೈಕೆ. ಅತಿ ಬಿಸಿಗೂ ದಿಢೀರ್ ತಾಪ ಬದಲಾವಣೆಗೂ ಕವಚ ಬಿರಿಯುವ ಅಪಾಯವಿರುವುದರಿಂದ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಚೆಂಡನ್ನು ಬಿಡುವುದಿಲ್ಲ. ತಿರುಳಿಗೆ ಈ ತೊಂದರೆಯಿಲ್ಲ. ಅದರ ಅಳತೆ ಹಾಗೇ ಇದ್ದರೂ ಕವಚ ದಣಿದ ಚೆಂಡು ಹಳೆಯ ತಿರುವನ್ನು ಕೊಡದು.

ಭಾರತದಲ್ಲಿ

ಭಾರತದಲ್ಲಿ ಆಟ ಹೆಚ್ಚಾಗಿ ನಗರಗಳ ಮನರಂಜನಾ ಕೇಂದ್ರಗಳಲ್ಲಿ ಬೆಳೆದಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿರುವ ಅಮೀಬಾ ಎಂಬ ಕೇಂದ್ರದಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿಗಳೂ ನಡೆದಿವೆ. ಇಂಥ ಕೇಂದ್ರಗಳ ಸಾಲಿನಲ್ಲಿ ಇಟ್ಟಿರುವ ಬಣ್ಣದ ಚೆಂಡುಗಳು ಸಾಮಾನ್ಯವಾಗಿ ಗಡಸು ಕವಚದ, ಬಿಲ್ಲೆಯಂಥ ತಿರುಳಿನವು. ಮೇಲಿರುವ ಅಂಕಿ ಪೌಂಡಿನಲ್ಲಿ ಅವುಗಳ ತೂಕ. ಎಲ್ಲರ ಬೆರಳಿಗೂ ಹೊಂದಲೆಂದು ರಂಧ್ರಗಳು ಸಡಿಲವಾಗಿರುವುದರಿಂದ ಸುತ್ತು ಕೊಡುವುದು ಕಷ್ಟ. ಕೊಟ್ಟರೂ ಕವಚ ಜಾರಿಬಿಡುತ್ತದೆ, ಫ್ಲೇರ್ ಕಾಣುವುದೇ ಇಲ್ಲ. ಅಲ್ಲಿ ನೇರವಾಗಿ ಆಡಿ ಕಲಿತವರು ಸ್ಪರ್ಧೆಗೆ ಇಳಿಯುವಾಗ ಕೈ ಅಳತೆಗೆ ಕೊರೆಸಿದ ಸ್ವಂತ ರಿಯಾಕ್ಟಿವ್ ಚೆಂಡನ್ನು ಕೊಳ್ಳುತ್ತಾರೆ. ಕೇಂದ್ರದ ಚೆಂಡಿನಂಥದೇ ಒಂದು ಪಾಲಿಯೆಸ್ಟರ್ ಚೆಂಡನ್ನೂ ಉಳಿಕೆ ಪಿನ್‌ಗಳಿಗೆಂದು ಕೊರೆಸಿಕೊಳ್ಳುತ್ತಾರೆ.